ಮುನ್ನಿ ಮತ್ತೆ ಬಂದದ್ದು

ಸಿನಿಮಾದಲ್ಲಿ ಧನ್ಯಾಳ ಕೆಲಸವೇನೆಂಬುದು ಅವಳ ಅಪ್ಪ ದೇವೇಂದ್ರಪ್ಪನವರಿಗೆ ಎಂದೂ ಸರಿಯಾಗಿ ಅರ್ಥವಾಗಲಿಲ್ಲ. ಅವರು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ದೆಹಲಿಯ ಮಯೂರ್ ವಿಹಾರದ ಸೊಸೈಟಿಯಲ್ಲಿ ಯಾರಾದರೂ ಕೇಳಿದರೆ "ಮಗಳು ಸಿನಿಮಾದವರ ಹತ್ತಿರ ಚೆಕಿಂಗ್ ಮಾಡ್ತಾಳೆ" ಎನ್ನುತ್ತಿದ್ದರು. ಅದು ತೀರಾ ತಪ್ಪೂ ಅಲ್ಲ. ಸಿನಿಮಾದ ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ. ನಾಯಕಿ ಬಾಗಿಲು ತೆರೆಯುವುದನ್ನು ಇವತ್ತು ತೆಗೆದರೆ ಒಳಗೆ ಕಾಲಿಡುವುದನ್ನು ವಾರಗಟ್ಟಲೆ ಬಿಟ್ಟು ತೆಗೆಯುತ್ತಾರೆ. ದುಪಟ್ಟಾ ಎಡ ಹೆಗಲ ಮೇಲಿತ್ತೋ ಬಲ ಹೆಗಲ ಮೇಲಿತ್ತೋ, ಲೋಟದಲ್ಲಿ ಚಹಾ ಎಷ್ಟಿತ್ತು, ಗೋಡೆಯ ಗಡಿಯಾರದಲ್ಲಿ ಎಷ್ಟು ಹೊತ್ತಾಗಿತ್ತು ಎಂಬುದನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕು. ಆ ಕೆಲಸಕ್ಕೆ ಕಂಟಿನ್ಯುಯಿಟಿ ಎಂದು ಹೆಸರು. ಸರಿಯಾಗಿ ಮಾಡಿದರೆ ಅಂಥದೊಂದು ಕೆಲಸ ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ಧನ್ಯಾ ತಪ್ಪುವವಳಲ್ಲ ಎಂಬ ಹೆಸರು ಪಡೆದಿದ್ದಳು. ಆ ಹೆಸರು ಕೇಳಿಯೇ 2007ರ ಬೇಸಿಗೆಯಲ್ಲಿ ನಿರ್ದೇಶಕ ಭಲ್ಲಾ ಅವಳನ್ನು ಕರೆಸಿಕೊಂಡ. ಅವನು ಕಾಂತಾ ರಸ್ತೋಗಿ ಎಂಬ ಹಿಂದಿ ಲೇಖಕಿಯ 'ಸರಾಯ್ ವಾಲಾ ಮಕಾನ್' ಕಾದಂಬರಿಯನ್ನು ಸಿನಿಮಾ ಮಾಡುತ್ತಿದ್ದ. ಕಾದಂಬರಿ ಎಪ್ಪತ್ತರ ದಶಕದ ಮೀರತ್‌ನದು. ಓಣಿಯೊಳಗಿನ ಒಂದು ಹಳೆಯ ಮನೆಯ ಕಥೆ. ಭಲ್ಲಾ ಅದನ್ನು ಈ ಕಾಲಕ್ಕೆ ತಂದಿದ್ದ. ಓಣಿಯ ಮನೆ ದೆಹಲಿಯ ವಸಂತ್ ಕುಂಜ್‌ನಲ್ಲಿ ಸರ್ಕಾರ ಕಟ್ಟಿಸಿದ ಡಿಡಿಎ ಫ್ಲ್ಯಾಟ್ ಆಗಿತ್ತು, ಟೈಫಾಯ್ಡ್ ಡೆಂಗ್ಯೂ ಆಗಿತ್ತು, ನಾಯಕಿ ಹಿಡಿಯಬೇಕಾಗಿದ್ದ ರೈಲು ವಿಮಾನವಾಗಿತ್ತು.

ವಸಂತ್ ಕುಂಜ್‌ನಲ್ಲಿ ಒಂದು ಫ್ಲ್ಯಾಟನ್ನು ಬಾಡಿಗೆಗೆ ಹಿಡಿದು ಶೂಟಿಂಗ್ ಶುರುವಾಯಿತು. ಜನರೇಟರ್ ವ್ಯಾನನ್ನು ಯಾರ ಕಾರಿನ ಜಾಗದಲ್ಲಿ ನಿಲ್ಲಿಸಿದರೂ ಜಗಳ. ಏರ್‌ಪೋರ್ಟ್ ಹತ್ತಿರವಾದ್ದರಿಂದ ಮೇಲೆ ವಿಮಾನ ಹಾದಾಗಲೆಲ್ಲ ಸೌಂಡ್ ರೆಕಾರ್ಡಿಸ್ಟ್ ಯೋಗೀಶ್ ಕೈ ಎತ್ತುತ್ತಿದ್ದ, ನಟರು ಬಾಯಿ ಮುಚ್ಚಿ ಕಾಯುತ್ತಿದ್ದರು. ಬಾಲ್ಕನಿಯ ತುಳಸಿ ಲೈಟಿನ ಝಳಕ್ಕೆ ಒಣಗಿ, ಅದೇ ಎತ್ತರದ ಇನ್ನೊಂದು ಸಿಗದೆ ಧನ್ಯಾ ಒಂದು ಬೆಳಗ್ಗೆಯೆಲ್ಲ ನರ್ಸರಿಗಳನ್ನು ಸುತ್ತಿದಳು. ಅಪ್ಪನ ಪಾತ್ರ ಮಾಡುತ್ತಿದ್ದವನು ನಡುವೆ ಬೇರೆ ನಾಟಕಕ್ಕೆಂದು ಮೀಸೆ ತೆಗೆಸಿಕೊಂಡು ಬಂದ. ಅವನು ಮತ್ತೆ ಮೀಸೆ ಬಿಡುವವರೆಗೆ ಅಂಟಿಸಿದ ಮೀಸೆಯಲ್ಲೇ ಕೆಲಸ ನಡೆಯಿತು. ಹತ್ತಿರದ ಶಾಟ್ ತೆಗೆಯದಂತೆ ಧನ್ಯಾ ನೋಡಿಕೊಂಡಳು. ಇಂಥವನ್ನೆಲ್ಲ ಅವಳು ಸಲೀಸಾಗಿ ನಿಭಾಯಿಸಿದಳು. ಅವಳನ್ನು ತಡೆದು ನಿಲ್ಲಿಸಿದ್ದು ಕಾದಂಬರಿ.

ಕಾದಂಬರಿಯ ನಾಯಕಿ ಇಂದು. ಮನೆಯ ಹಿರಿಯ ಮಗಳು. ಅವಳ ಪುಟ್ಟ ತಂಗಿ ಮುನ್ನಿ ಆರನೆಯ ಅಧ್ಯಾಯದಲ್ಲಿ ಜ್ವರ ಬಂದು ಸಾಯುತ್ತಾಳೆ. ಹಿಂದಿ ಓದಿದವರಿಗೆಲ್ಲ ಗೊತ್ತಿರುವ ಭಾಗ ಅದು, ಶಾಲೆಯ ಪಠ್ಯದಲ್ಲೂ ಇತ್ತು. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಇಂದು ಲಖನೌದ ಕೆಲಸಕ್ಕೆ ಹೊರಟು ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದಾಗ ಮುನ್ನಿ ಶಾಲೆಯಿಂದ ಬರುತ್ತಾಳೆ. ಹಸಿವು ಎನ್ನುತ್ತಾಳೆ, ರೋಟಿಯ ಜೊತೆ ಮಾವಿನ ಉಪ್ಪಿನಕಾಯಿ ಇದೆಯಾ ಎಂದು ಕೇಳುತ್ತಾಳೆ. ಇಂದು ಪೆಟ್ಟಿಗೆ ಕೆಳಗಿಟ್ಟು ತಂಗಿಗೆ ಬಡಿಸಲು ಕೂರುತ್ತಾಳೆ, ರೈಲು ಹೊರಟುಹೋಗುತ್ತದೆ. ಅಲ್ಲಿಂದ ಮುಂದಿನ ಕಥೆಯೆಲ್ಲ ಆ ತಪ್ಪಿದ ರೈಲಿನ ಮೇಲೆ ನಿಂತಿದೆ.

ಸತ್ತ ಹುಡುಗಿ ಶಾಲೆಯಿಂದ ಬಂದದ್ದು ಹೇಗೆ? ಧನ್ಯಾ ಎರಡು ಅಧ್ಯಾಯಗಳನ್ನೂ ಇನ್ನೊಮ್ಮೆ ಓದಿದಳು. ಬೇರೆ ಮುನ್ನಿ ಇರಬಹುದೇ ಎಂದು ಹುಡುಕಿದಳು. ಇರಲಿಲ್ಲ. ಮಾರನೆಯ ದಿನ ಊಟದ ಹೊತ್ತಿಗೆ ಪುಸ್ತಕವನ್ನು ಭಲ್ಲಾನ ಮುಂದೆ ಹಿಡಿದಳು.

ಭಲ್ಲಾ ಪುಟ ತಿರುಗಿಸಿದ. ಹಿಂದಕ್ಕೆ ಹೋದ, ಮುಂದಕ್ಕೆ ಬಂದ.

"ಅರೇ," ಎಂದ. "ಕಾಲೇಜಿನಿಂದ ಈ ಪುಸ್ತಕ ಓದ್ತಾ ಇದ್ದೀನಿ. ಎರಡೂ ಕಡೆ ಅತ್ತಿದ್ದೀನಿ. ಎರಡನ್ನೂ ಜೋಡಿಸಿ ನೋಡೇ ಇಲ್ಲವಲ್ಲ."

ಚಿತ್ರಕಥೆ ಬರೆದವನೂ ಅವನೇ. ಎರಡು ದೃಶ್ಯಗಳನ್ನೂ ಹಾಗೆಯೇ ಇಟ್ಟಿದ್ದ. ಯಾವುದನ್ನೂ ತೆಗೆಯುವಂತಿರಲಿಲ್ಲ. ಸಾವಿನ ದೃಶ್ಯವಿಲ್ಲದೆ ಹೋದರೆ ಕಾದಂಬರಿ ಓದಿದವರು ಬಯ್ಯುತ್ತಾರೆ. ಉಪ್ಪಿನಕಾಯಿಯ ದೃಶ್ಯವಿಲ್ಲದೆ ಹೋದರೆ ಕಥೆಯೇ ಮುಂದಕ್ಕೆ ಹೋಗುವುದಿಲ್ಲ. ಭಲ್ಲಾ ಎರಡು ದಿನ ಯೋಚಿಸಿ, ಮೂರನೆಯ ದಿನ ಹುರುಪಿನಿಂದ ಬಂದ. ಹತ್ತಿರದ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಇದರ ಬಗ್ಗೆ ಹಿಂದೆಯೇ ದೊಡ್ಡ ಲೇಖನ ಬರೆದಿದ್ದರಂತೆ. ಎರಡನೆಯ ಸಲ ಬರುವವಳು ಮುನ್ನಿಯಲ್ಲ, ಇಂದುವಿನ ಮನಸ್ಸು. ಅವಳನ್ನು ಮನೆಯಲ್ಲಿ ಕಟ್ಟಿಹಾಕುವ ನೆನಪು. ಭಲ್ಲಾನಿಗೆ ಅದು ಹಿಡಿಸಿಬಿಟ್ಟಿತು. ಬಿಳಿ ಫ್ರಾಕು, ಮಂಜು, ಬಾಗಿಲ ಹಿಂದಿನಿಂದ ಬೆಳಕು ಎಂದೆಲ್ಲ ಕೈಯಾಡಿಸಿ ತೋರಿಸಿದ.

"ಲೇಖಕಿಯ ಒಪ್ಪಿಗೆ ಬೇಕು ಅಷ್ಟೆ. ಅವರಿರೋದು ಮಯೂರ್ ವಿಹಾರದಲ್ಲೇ. ನಿನ್ನ ಮನೆಯೂ ಅಲ್ಲೇ ಅಲ್ಲವಾ? ಭಾನುವಾರ ಹೋಗಿ ಕೇಳಿಕೊಂಡು ಬಾ."

ಮನೆಯಲ್ಲಿ ಈ ವಿಷಯ ಹೇಳಿದಾಗ ಅಮ್ಮ ಮನೋರಮಾ ಕೈಯಲ್ಲಿದ್ದ ತರಕಾರಿ ಬಿಟ್ಟು ಎದ್ದು ನಿಂತರು.

"ಕಾಂತಾ ರಸ್ತೋಗಿನಾ? ಅವರು ಇಲ್ಲೇ ಇದ್ದಾರಾ? ನಾನೂ ಬರ್ತೀನಿ ಕಣೇ."

ಮನೋರಮಾ ಮದುವೆಯಾಗಿ ದಾವಣಗೆರೆಯಿಂದ ದೆಹಲಿಗೆ ಬಂದಾಗ ಅವರಿಗೆ ಹಿಂದಿಯಲ್ಲಿ ಬರುತ್ತಿದ್ದದ್ದು ಎಷ್ಟು ಎಂದು ಕೇಳುವ "ಕಿತನಾ" ಒಂದೇ. ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಪಂಜಾಬಿ ಹೆಂಗಸು ಓದಿ ಮುಗಿಸಿದ ಹಿಂದಿ ವಾರಪತ್ರಿಕೆಗಳನ್ನು ಕೊಡುತ್ತಿದ್ದರು. ಅದರಲ್ಲಿ ಬರುತ್ತಿದ್ದ ಧಾರಾವಾಹಿಯೇ 'ಸರಾಯ್ ವಾಲಾ ಮಕಾನ್'. ಗೊತ್ತಿಲ್ಲದ ಪದಗಳನ್ನು ಆ ಹೆಂಗಸನ್ನೇ ಕೇಳಿಕೊಂಡು ಮನೋರಮಾ ವಾರವಾರವೂ ಓದಿದ್ದರು. ಹಿಂದಿ ಕಲಿತದ್ದು ಅದರಿಂದಲೇ ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದರು. ಧನ್ಯಾಳ ತಮ್ಮ ಜೀವನ್‌ಗೆ ಅದು ತಮಾಷೆ. "ಮಮ್ಮಿ, ಅದಕ್ಕೇ ನಿನ್ನ ಹಿಂದಿ ಇತನಾ ಫಿಲ್ಮೀ," ಎನ್ನುತ್ತಿದ್ದ. ಅವನು ನೋಯ್ಡಾದ ಒಂದು ಐಟಿ ಕಂಪನಿಯಲ್ಲಿದ್ದ.

ಭಾನುವಾರ ತಾಯಿ ಮಗಳು ಸೈಕಲ್ ರಿಕ್ಷಾದಲ್ಲಿ ಹೋದರು. ಕಾಂತಾ ರಸ್ತೋಗಿಯವರದು ನೆಲಮಹಡಿಯ ಫ್ಲ್ಯಾಟು. ಎಂಬತ್ತರ ಹತ್ತಿರದ ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಕೂಲರಿನ ಎದುರು ಅತಿಥಿಗಳನ್ನು ಕೂರಿಸಿ, ತಾವು ಸೆಖೆಯಲ್ಲೇ ಆ ಬದಿಗೆ ಕುಳಿತರು. ನಿಂಬೆ ಶರಬತ್ತು ಬಂತು. ಧನ್ಯಾ ವಿಷಯಕ್ಕೆ ಬಂದಳು. ಆರನೆಯ ಅಧ್ಯಾಯ, ಹತ್ತೊಂಬತ್ತನೆಯ ಅಧ್ಯಾಯ, ಪ್ರೊಫೆಸರರ ಲೇಖನ, ಬಿಳಿ ಫ್ರಾಕು ಎಲ್ಲವನ್ನೂ ಹೇಳಿದಳು.

ಮುದುಕಿ ಉತ್ತರ ಕೊಡುವ ಮೊದಲೇ ಮನೋರಮಾ ಮಗಳ ಕಡೆ ತಿರುಗಿದರು. ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿಬಿಟ್ಟರು.

"ಮುನ್ನಿ ಸತ್ತುಹೋಗ್ತಾಳಾ?"

"ಅಮ್ಮಾ, ನೀನು ಓದಿದ್ದೀಯಲ್ಲ."

"ಸಾಯೋದೆಲ್ಲಿ ಬಂದಿತ್ತು? ಅವಳು ಸ್ಕೂಲಿಂದ ಬಂದು ಊಟ ಮಾಡ್ತಾಳೆ. ನನಗೆ ಚೆನ್ನಾಗಿ ನೆನಪಿದೆ."

ಯೋಚಿಸಿದಾಗ ಗೊತ್ತಾಯಿತು. ಮನೋರಮಾ ಆ ವಾರ ಅಣ್ಣನ ಮದುವೆಗೆಂದು ದಾವಣಗೆರೆಗೆ ಹೋಗಿದ್ದರು. ಆ ಸಂಚಿಕೆ ಅವರ ಕೈಗೆ ಬಂದಿರಲಿಲ್ಲ. ಮೂವತ್ತೈದು ವರ್ಷ ಅವರ ಪಾಲಿಗೆ ಮುನ್ನಿ ಬದುಕಿಯೇ ಇದ್ದಳು. ಈಗ ದೆಹಲಿಯ ಉರಿಬಿಸಿಲಿನ ಒಂದು ಮಧ್ಯಾಹ್ನ, ಕೈಯಲ್ಲಿ ಶರಬತ್ತಿನ ಲೋಟ ಹಿಡಿದುಕೊಂಡು ಆ ಸಾವಿನ ಸುದ್ದಿ ಕೇಳಬೇಕಾಗಿ ಬಂತು. ಅವರ ಮುಖ ನಿಜವಾಗಿಯೂ ಬಾಡಿತು.

ಅವರು ಏನು ಹೇಳುತ್ತಿದ್ದಾರೆ ಎಂದು ಕಾಂತಾ ಕೇಳಿದರು. ಧನ್ಯಾ ಮುಜುಗರದಿಂದಲೇ ಹಿಂದಿಯಲ್ಲಿ ವಿವರಿಸಿದಳು. ಕಾಂತಾ ನಗಲಿಲ್ಲ. ಮನೋರಮಾರನ್ನು ಸ್ವಲ್ಪ ಹೊತ್ತು ನೋಡಿದರು.

"ನಿಮ್ಮ ಡೈರೆಕ್ಟರಿಗೆ ಹೇಳು ಬೇಟಿ," ಎಂದರು. "ಅದು ಮನಸ್ಸೂ ಅಲ್ಲ, ನೆನಪೂ ಅಲ್ಲ. ನಾನು ಮರೆತೆ ಅಷ್ಟೆ."

"ಮರೆತಿರಾ?"

"ವಾರವಾರ ಬರೀತಿದ್ದೆ. ಬೆಳಗಿಂದ ಸಂಜೆವರೆಗೆ ಶಾಲೇಲಿ ಪಾಠ, ಮನೇಲಿ ಅತ್ತೆ, ಮಾವ. ಬರೆದಿದ್ದನ್ನ ಹಾಗೇ ಪೋಸ್ಟ್ ಮಾಡ್ತಿದ್ದೆ, ನಕಲು ಇಟ್ಟುಕೊಳ್ತಿರಲಿಲ್ಲ. ಇಂದುನ ಮನೇಲಿ ನಿಲ್ಲಿಸೋಕೆ ಏನಾದರೂ ಬೇಕಾಗಿತ್ತು. ಒಂದು ಮಗು ಬಂದು ಊಟ ಕೇಳಿದರೆ ನಿಲ್ತಾಳೆ ಅನ್ನಿಸ್ತು. ಯಾವ ಮಗು ಅಂತ ಯೋಚಿಸಲೇ ಇಲ್ಲ, ಕೈ ಮುನ್ನಿ ಅಂತ ಬರೀತು. ಸಂಪಾದಕರೂ ನೋಡಲಿಲ್ಲ. ಅಚ್ಚಾಗಿ ಬಂದಮೇಲೆ ನನಗೆ ಗೊತ್ತಾಯ್ತು. ಪುಸ್ತಕ ಮಾಡುವಾಗ ಸರಿ ಮಾಡೋಣ ಅಂದುಕೊಂಡೆ."

"ಮಾಡಲಿಲ್ಲವಲ್ಲ?"

ಕಾಂತಾ ಸೀರೆಯ ಅಂಚಿನಿಂದ ಕನ್ನಡಕ ಒರೆಸಿಕೊಂಡರು. ಮತ್ತೆ ಮನೋರಮಾರ ಕಡೆ ನೋಡಿಯೇ ಹೇಳಿದರು.

"ಆ ಕಂತು ಬಂದ ಮೇಲೆ ಒಂದು ದಿನ ಮಧ್ಯಾಹ್ನ ಶಾಲೆ ಗೇಟಿನ ಹತ್ತಿರ ಯಾರೋ ಕಾಯ್ತಿದ್ದಾರೆ ಅಂದರು. ಹೋದೆ. ಹಾಪುಡ್‌ನಿಂದ ಬಸ್ಸಲ್ಲಿ ಬಂದ ಹೆಂಗಸು. ಗಂಡ ದೂರದಲ್ಲಿ ರಿಕ್ಷಾ ಪಕ್ಕ ನಿಂತಿದ್ದ, ಹತ್ತಿರ ಬರಲಿಲ್ಲ. ಅವಳು ಹೆಸರು ಹೇಳಲಿಲ್ಲ, ನಮಸ್ಕಾರ ಅಂತಲೂ ಅನ್ನಲಿಲ್ಲ. ‘ಬಹನ್‌ಜೀ, ಮುನ್ನಿ ಈಗ ಯಾವ ಕ್ಲಾಸು?’ ಅಂದಳು. ನನಗೆ ತಪ್ಪಾಯ್ತು ಅಂತ ಹೇಳೋಕೆ ಬಾಯಿ ತೆರೆದೆ. ಅವಳ ಮುಖ ನೋಡಿ ‘ಮೂರನೇ ಕ್ಲಾಸು’ ಅಂದೆ. ‘ನಮ್ಮವಳೂ ಈ ವರ್ಷ ಮೂರನೇ ಕ್ಲಾಸಿಗೆ ಬರ್ತಿದ್ದಳು’ ಅಂದಳು. ಅಷ್ಟೇ. ತಿರುಗಿ ಹೊರಟುಹೋದಳು."

ಮನೋರಮಾ ಶರಬತ್ತಿನ ಲೋಟ ಕೆಳಗಿಟ್ಟರು. ಕಾಂತಾ ಮುಂದುವರಿಸಿದರು.

"ಅವಳು ಪುಸ್ತಕವನ್ನೂ ಓದಬಹುದು ಅನ್ನಿಸ್ತು. ಹೇಗೆ ತೆಗೀಲಿ ಹೇಳಿ? ಬಿಟ್ಟುಬಿಟ್ಟೆ. ಆಮೇಲೆ ಪ್ರೊಫೆಸರುಗಳು ಬಂದರು, ಅವರವರ ಅರ್ಥ ಅವರವರು ಮಾಡಿಕೊಂಡರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ."

ಹೊರಡುವಾಗ ಬಾಗಿಲ ತನಕ ಬಂದರು.

"ದೆವ್ವ ಗಿವ್ವ ಬೇಡ. ದೆವ್ವ ಮಾಡಿದರೆ ಅವಳು ಸತ್ತ ಹಾಗೇ ಆಯ್ತಲ್ಲ. ಬೇಕಾದರೆ ಆ ದೃಶ್ಯ ತೆಗೆದುಹಾಕಲಿ, ಸಹಿ ಹಾಕ್ತೀನಿ. ಮತ್ತೆ ಹಾಪುಡ್‌ನ ಹೆಂಗಸಿನ ವಿಷಯ ಅವನಿಗೆ ಹೇಳಬೇಡ. ಹೇಳಿದರೆ ಅದನ್ನೇ ಸಿನಿಮಾ ಮಾಡಿಬಿಡ್ತಾನೆ."

ಧನ್ಯಾ ಹೇಳಲಿಲ್ಲ. ಲೇಖಕಿ ಮರೆತಿದ್ದರಂತೆ, ದೆವ್ವ ಬೇಡವಂತೆ ಎಂದಷ್ಟೇ ಭಲ್ಲಾನಿಗೆ ತಿಳಿಸಿದಳು. ಅವನಿಗೆ ನಿರಾಸೆಯಾಯಿತು. ಇಷ್ಟು ವರ್ಷ ತಾನು ಅತ್ತದ್ದು ಒಂದು ಮರೆವಿಗಾಗಿಯೇ ಎಂದು ಅವನು ಸ್ವಲ್ಪ ಹೊತ್ತು ಮಂಕಾಗಿ ಕುಳಿತ. ಆದರೆ ಸಿನಿಮಾ ಮಾಡುವವನಿಗೆ ಮಂಕಾಗಿ ಕೂರಲು ಪುರುಸೊತ್ತು ಎಲ್ಲಿ? ಸಂಜೆಯ ಹೊತ್ತಿಗೆ ಸರಳವಾದ ದಾರಿ ಕಂಡುಕೊಂಡ. ಎರಡನೆಯ ಸಲ ಬರುವ ಮಗು ಪಕ್ಕದ ಫ್ಲ್ಯಾಟಿನದು, ಹೆಸರು ಗುಡ್ಡಿ, ಅವಳ ತಾಯಿ ಆಫೀಸಿನಿಂದ ತಡವಾಗಿ ಬರುತ್ತಾಳೆ. ಅದಕ್ಕೆ ಬೇರೆ ಹುಡುಗಿಯನ್ನು ಗೊತ್ತುಮಾಡಿದರು. ಒಳ್ಳೆಯ ಪರಿಹಾರವೇ. ಧನ್ಯಾಳಿಗೂ ಅದರಲ್ಲಿ ಕೊಂಕು ಕಾಣಲಿಲ್ಲ. ಅವಳ ಕೆಲಸದ ಪ್ರಕಾರ ನೋಡಿದರೆ ಮೂವತ್ತೈದು ವರ್ಷದ ತಪ್ಪೊಂದು ಕೊನೆಗೂ ಸರಿಹೋದಂತಾಗಿತ್ತು. ಆದರೂ ಆ ವಾರವೆಲ್ಲ ಅವಳಿಗೆ ಏನೋ ಇರಿಸುಮುರಿಸು.

ಮನೆಯಲ್ಲಿ ಅಮ್ಮ ಕೇಳಿದರು: "ಏನು ಮಾಡಿದಿರಿ ಮುನ್ನೀನ?"

"ಬೇರೆ ಹುಡುಗಿ ಅಂತ ಮಾಡ್ತಿದ್ದೀವಿ ಅಮ್ಮ."

"ಹೂಂ," ಎಂದರು ಮನೋರಮಾ.

ಶೂಟಿಂಗಿನ ದಿನ ಬೆಳಗ್ಗೆ ಗುಡ್ಡಿಯ ಪಾತ್ರಕ್ಕೆ ಗೊತ್ತುಮಾಡಿದ್ದ ಹುಡುಗಿಯ ಮನೆಯಿಂದ ಫೋನು ಬಂತು. ಹುಡುಗಿಗೆ ಚಿಕನ್‌ಪಾಕ್ಸ್. ಇಂದುವಿನ ಪಾತ್ರ ಮಾಡುತ್ತಿದ್ದ ಕುಮುದ್ ಮಾಥುರ್ ಮರುದಿನವೇ ಮುಂಬೈಗೆ ಹೋಗುವವಳು, ಫ್ಲ್ಯಾಟಿನ ಬಾಡಿಗೆಯ ಗಡುವೂ ಮುಗಿಯುತ್ತಿತ್ತು. ಪ್ರೊಡಕ್ಷನ್‌ನವರು ಓಡಾಡಿದರು, ಯಾರೂ ಸಿಗಲಿಲ್ಲ. ಕೊನೆಗೆ ಭಲ್ಲಾ ಮುನ್ನಿಯ ಪಾತ್ರ ಮಾಡಿದ್ದ ಮುಸ್ಕಾನ್‌ಳನ್ನೇ ಕರೆಸಿದ. ಅವಳ ಮನೆ ಹತ್ತಿರದಲ್ಲೇ ಇತ್ತು. ಶಾಲೆಯ ಯೂನಿಫಾರ್ಮ್ ಹಾಕಿಸಿ, ಎರಡು ಜಡೆಯ ಬದಲು ಒಂದು ಕುದುರೆಬಾಲ ಕಟ್ಟಿಸಿ, ಕನ್ನಡಕ ಇಡಿಸಿ ಧನ್ಯಾಳ ಮುಂದೆ ನಿಲ್ಲಿಸಿದರು.

"ಹೇಳು," ಎಂದ ಭಲ್ಲಾ. "ಆದಷ್ಟೂ ಹಿಂದಿನಿಂದಲೇ ತೆಗೀತೀನಿ. ಗೊತ್ತಾಗತ್ತಾ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಇಂಥ ವಿಷಯದಲ್ಲಿ ಕೊನೆಯ ಮಾತು ಅವಳದು. ಅವಳು ಆಗುವುದಿಲ್ಲ ಎಂದರೆ ಆಗುವುದಿಲ್ಲ. ಧನ್ಯಾ ಮಗುವನ್ನು ನೋಡಿದಳು. ಬಲಗಿವಿಯ ಕೆಳಗೆ ಮಚ್ಚೆ, ಮುಂದಿನ ಎರಡು ಹಲ್ಲಿನ ನಡುವೆ ಸಂದು, ನಿಲ್ಲುವಾಗ ಒಂದು ಕಾಲನ್ನು ಒಳಕ್ಕೆ ತಿರುಗಿಸುವ ರೂಢಿ. ಕಣ್ಣು ಕಾಣುವ ಯಾರಿಗಾದರೂ ಗೊತ್ತಾಗುವಂತಿತ್ತು.

"ಗೊತ್ತಾಗಲ್ಲ," ಎಂದಳು.

ಕೆಲಸಕ್ಕೆ ಸೇರಿದಂದಿನಿಂದ ಅವಳು ಹೇಳಿದ ಮೊದಲ ಸುಳ್ಳು ಅದು. ಹೇಳಿದ ಮೇಲೂ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ದೃಶ್ಯ ಶುರುವಾಯಿತು. ಬಾಗಿಲಲ್ಲಿ ಸೂಟ್‌ಕೇಸು, ಕೆಳಗೆ ಟ್ಯಾಕ್ಸಿಯ ಹಾರ್ನು. ಮುಸ್ಕಾನ್ ಮೆಟ್ಟಿಲು ಹತ್ತಿ ಬಂದು, ಬ್ಯಾಗು ಬಿಸಾಡಿ, ಹಸಿವು ಎಂದಳು. ಮೊದಲ ಟೇಕಿನಲ್ಲಿ ವಿಮಾನ ಹಾದು ಕೆಟ್ಟಿತು. ಎರಡನೆಯದರಲ್ಲಿ ಕುಮುದ್‌ಳ ಕೈಯಿಂದ ಉಪ್ಪಿನಕಾಯಿಯ ಭರಣಿಯ ಮುಚ್ಚಳ ಬಿತ್ತು. ಮೂರನೆಯದು ಹೇಗೋ ಹಿಡಿಯಿತು. ಕುಮುದ್ ಸೂಟ್‌ಕೇಸನ್ನು ನಿಧಾನವಾಗಿ ಕೆಳಗಿಟ್ಟು, ಒಳಗೆ ಹೋಗಿ ತಟ್ಟೆ ತಂದು, ಮಗುವಿನ ಎದುರು ನೆಲದ ಮೇಲೇ ಕುಳಿತಳು. ಇಡೀ ಶೂಟಿಂಗಿನಲ್ಲಿ ಆ ಮಗುವನ್ನು ಒಂದೇ ಹೆಸರಿನಿಂದ ಕರೆದು ರೂಢಿಯಾಗಿದ್ದವಳು. ಅಭಿನಯದ ಭರದಲ್ಲಿ ಹೊಸ ಹೆಸರು ಅವಳ ತಲೆಯಿಂದ ಹಾರಿಹೋಯಿತು.

"ತಿನ್ನು ಮುನ್ನೀ," ಎಂದಳು. "ಮೆಲ್ಲಗೆ ತಿನ್ನು. ನಾನು ಎಲ್ಲೂ ಹೋಗ್ತಿಲ್ಲ."

"ಕಟ್" ಎಂದಾಗ ಭಲ್ಲಾನ ಕಣ್ಣು ತುಂಬಿತ್ತು. ಕಾಲೇಜಿನ ದಿನಗಳಂತೆ ಅವನು ಅದೇ ಜಾಗದಲ್ಲಿ ಮತ್ತೆ ಅತ್ತಿದ್ದ, ಹೆಸರು ಅವನ ಕಿವಿಗೆ ಬಿದ್ದಿರಲಿಲ್ಲ. ಬೇರೆಯವರು ಚಪ್ಪಾಳೆ ತಟ್ಟಿದರು. ಹೆಡ್‌ಫೋನಿನೊಳಗೆ ಎಲ್ಲವನ್ನೂ ಕೇಳಿದ್ದ ಯೋಗೀಶ್ ಒಬ್ಬನೇ ತಲೆ ಎತ್ತಿ ಧನ್ಯಾಳ ಕಡೆ ನೋಡಿದ. ಮಾತು ತಪ್ಪಿದರೆ ಹೇಳಬೇಕಾದವಳು ಅವಳು.

ಧನ್ಯಾ ಅವನ ಕಣ್ಣನ್ನು ತಪ್ಪಿಸಲಿಲ್ಲ. "ಓಕೆ," ಎಂದಳು.

ಯೋಗೀಶ್ ಭುಜ ಹಾರಿಸಿ ಹೆಡ್‌ಫೋನು ತೆಗೆದ. ಲೈಟುಗಳು ಆರಿದವು.

ಎಡಿಟಿಂಗಿನಲ್ಲಿ ಇದು ಹೊರಬಿತ್ತು. ಭಲ್ಲಾ ಫೋನು ಮಾಡಿ ಕೂಗಾಡಿದ. ಕುಮುದ್‌ಳಿಂದ ಮುಂಬೈಯಲ್ಲಿ "ಗುಡ್ಡಿ" ಎಂದು ಡಬ್ ಮಾಡಿಸಿ ತರಿಸಿದರು, ಕೂರಲಿಲ್ಲ. "ಮು" ಎನ್ನುವಾಗ ತುಟಿ ಮುಚ್ಚುತ್ತದೆ, "ಗು" ಎನ್ನುವಾಗ ಮುಚ್ಚುವುದಿಲ್ಲ. ಕ್ಯಾಮೆರಾ ಅವಳ ಮುಖದ ಮೇಲೇ ಇತ್ತು. ಎರಡನೆಯ ಟೇಕಿನಲ್ಲಿ ಮುಚ್ಚಳ ಬಿದ್ದಿತ್ತು, ಮೊದಲನೆಯದರಲ್ಲಿ ವಿಮಾನ. ಬೇರೆ ದಾರಿಯಿಲ್ಲದೆ ಹಾಗೇ ಬಿಟ್ಟರು.

"ನಿನ್ನಿಂದ ಇದನ್ನ ನಾನು ನಿರೀಕ್ಷಿಸಿರಲಿಲ್ಲ," ಎಂದ ಭಲ್ಲಾ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು, ಅದು ಧನ್ಯಾಳಿಗೆ ನಾಟಿತು.

"ಸಾರಿ," ಎಂದಳು. ಕಾರಣ ಹೇಳಲಿಲ್ಲ. ಹೇಳಲು ಅವಳದೇ ಆದ ಕಾರಣವೂ ಇರಲಿಲ್ಲ.

ಸಿನಿಮಾ ಮುಂದಿನ ವರ್ಷ ಕೆಲವು ಮಲ್ಟಿಪ್ಲೆಕ್ಸುಗಳಲ್ಲಿ ಬಂದು, ಪತ್ರಿಕೆಗಳಲ್ಲಿ ಒಳ್ಳೆಯ ಮಾತು ಬರೆಸಿಕೊಂಡು ಹೋಯಿತು. ಆಮೇಲೆ ಇಂಟರ್‌ನೆಟ್ಟಿನವರು ಹಿಡಿದುಕೊಂಡರು. ಸಿನಿಮಾಗಳ ತಪ್ಪು ಹುಡುಕಿ ಹಾಕುವ ಒಂದು ಸೈಟಿನಲ್ಲಿ ಇದಕ್ಕೊಂದು ಪುಟವೇ ಆಯಿತು. ಜೀವನ್ ಆಫೀಸಿನಲ್ಲಿ ಅದನ್ನು ಪ್ರಿಂಟ್ ತೆಗೆದು, ಊಟದ ಹೊತ್ತಿಗೆ ಅಕ್ಕನ ಮುಂದೆಯೇ ಓದಿದ.

"ಸುನೋ. ‘ಬಾಲ್ಕನಿಯ ತುಳಸಿ ಎರಡನೇ ಹಾಫ್‌ನಲ್ಲಿ ಬೇರೆ ಗಿಡ.’ ‘ತಂದೆಯ ಮೀಸೆ ಊಟದ ದೃಶ್ಯದಲ್ಲಿ ದಪ್ಪ, ಮಲಗೋ ಹೊತ್ತಿಗೆ ತೆಳು.’ ಔರ್ ಯೇ ಬೆಸ್ಟ್ ಹೈ ಅಕ್ಕಾ: ‘ಮೊದಲರ್ಧದಲ್ಲಿ ಡೆಂಗ್ಯೂನಲ್ಲಿ ಸತ್ತ ತಂಗಿ ಕನ್ನಡಕ ಹಾಕಿಕೊಂಡು ವಾಪಸ್ ಬರ್ತಾಳೆ, ಅಕ್ಕ ಆರಾಮಾಗಿ ಊಟ ಬಡಿಸ್ತಾಳೆ. ಕಂಟಿನ್ಯುಯಿಟಿಯವರು ನಿದ್ದೆ ಮಾಡ್ತಿದ್ದರಾ?’ ನಿನ್ನ ಹೆಸರೂ ಹಾಕಿದ್ದಾರೆ ಯಾರ್."

ದೇವೇಂದ್ರಪ್ಪನವರು ತಟ್ಟೆಯಿಂದ ತಲೆ ಎತ್ತಿದರು. "ಚೆಕಿಂಗ್‌ನಲ್ಲಿ ತಪ್ಪಾಯ್ತೇನಮ್ಮಾ? ಮೆಮೋ ಗಿಮೋ ಕೊಡ್ತಾರಾ?"

"ಇಲ್ಲಪ್ಪ. ಕೆಲಸಕ್ಕೆ ಕರೆಯೋದಿಲ್ಲ ಅಷ್ಟೆ."

ಹಾಗೇ ಆಯಿತು. ವರ್ಷದ ಉಳಿದ ತಿಂಗಳುಗಳಲ್ಲಿ ಅವಳಿಗೆ ಸಿನಿಮಾ ಸಿಗಲಿಲ್ಲ. ನೋಯ್ಡಾದ ಟಿವಿ ಸ್ಟುಡಿಯೋ ಒಂದರಲ್ಲಿ ಅಡುಗೆ ಕಾರ್ಯಕ್ರಮಕ್ಕೆ ಸೇರಿದಳು. ಅಲ್ಲಿ ಈರುಳ್ಳಿ ಒಂದು ಶಾಟಿನಲ್ಲಿ ಹಸಿ, ಮುಂದಿನದರಲ್ಲಿ ಕೆಂಪು. ಯಾರೂ ಏನೂ ಅನ್ನುತ್ತಿರಲಿಲ್ಲ. ಮೊದಮೊದಲು ಅವಳಿಗೆ ಕೈ ಕಟ್ಟಿ ಕೂರಲು ಕಷ್ಟವಾಗುತ್ತಿತ್ತು.

ಚಳಿಗಾಲದಲ್ಲಿ ಮಂಡಿ ಹೌಸ್ ಹತ್ತಿರದ ಒಂದು ಸಭಾಂಗಣದಲ್ಲಿ ಸಾಹಿತ್ಯ ಮತ್ತು ಸಿನಿಮಾ ಎಂಬ ವಿಚಾರ ಸಂಕಿರಣ ನಡೆಯಿತು. ಕಾಂತಾ ರಸ್ತೋಗಿಯವರಿಗೂ ಭಲ್ಲಾನಿಗೂ ಆಹ್ವಾನವಿತ್ತು. ಒಬ್ಬರೇ ಓಡಾಡುವುದು ಕಷ್ಟವೆಂದು ಕಾಂತಾ ಧನ್ಯಾಳನ್ನು ಜೊತೆಗೆ ಕರೆದರು. ಮನೋರಮಾರನ್ನು ಕರೆಯಬೇಕಾಗಿರಲಿಲ್ಲ, ಅವರು ಶಾಲು ಹೊದ್ದು ಮೊದಲೇ ತಯಾರಾಗಿದ್ದರು.

ಲೇಖನ ಬರೆದಿದ್ದ ಪ್ರೊಫೆಸರರು ವೇದಿಕೆಯ ಮೇಲೆ ಬಹಳ ಹೊತ್ತು ಮಾತಾಡಿದರು. ಸಾಮಾನ್ಯ ನಿರ್ದೇಶಕನಾಗಿದ್ದರೆ ಸತ್ತ ಮಗುವನ್ನು ಬಿಳಿ ಬಟ್ಟೆಯ ದೆವ್ವ ಮಾಡುತ್ತಿದ್ದ ಅಥವಾ ಬೇರೆ ಮಗು ಎಂದು ಜಾರಿಕೊಳ್ಳುತ್ತಿದ್ದ. ಭಲ್ಲಾ ಅದೇ ಮಗುವನ್ನು ಹಗಲು ಬೆಳಕಿನಲ್ಲಿ, ಯಾವ ವಿವರಣೆಯೂ ಇಲ್ಲದೆ ತಂದು ನಿಲ್ಲಿಸಿದ ಧೈರ್ಯ ಈಚಿನ ಹಿಂದಿ ಸಿನಿಮಾದಲ್ಲಿ ಅಪರೂಪದ್ದು ಎಂದರು. ಸಭೆ ಚಪ್ಪಾಳೆ ತಟ್ಟಿತು. ಭಲ್ಲಾ ಮೈಕಿನ ಮುಂದೆ ಬಂದು ಗಂಟಲು ಸರಿಪಡಿಸಿಕೊಂಡ. ಮೊದಲ ದಿನದಿಂದಲೂ ಆ ಬಗ್ಗೆ ತನಗೆ ಸ್ಪಷ್ಟತೆ ಇತ್ತು ಎಂದ. ಹೇಳುವಾಗ ಧನ್ಯಾ ಕುಳಿತಿದ್ದ ಸಾಲನ್ನು ಬಿಟ್ಟು ಎಲ್ಲ ಕಡೆಯೂ ನೋಡಿದ.

ಕೊನೆಗೆ ವಿದ್ಯಾರ್ಥಿನಿಯೊಬ್ಬಳು ಎದ್ದು ಲೇಖಕಿಯನ್ನೇ ಕೇಳಿದಳು: "ಮೇಡಂ, ಮುನ್ನಿ ಯಾಕೆ ವಾಪಸ್ ಬರ್ತಾಳೆ?"

ಕಾಂತಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹಸಿವಾಗಿತ್ತು ಬೇಟಿ," ಎಂದರು.

ಇನ್ನೂ ಏನೋ ಬರುತ್ತದೆಂದು ಸಭೆ ಕಾಯಿತು. ಬರಲಿಲ್ಲ. ಪ್ರೊಫೆಸರರು ಆ ಎರಡು ಪದಗಳನ್ನು ಬರೆದುಕೊಂಡರು.

ಹೊರಗೆ ಚಹಾದ ಹೊತ್ತಿಗೆ ಭಲ್ಲಾ ಧನ್ಯಾಳನ್ನು ಬದಿಗೆ ಕರೆದ. ಅವನಿಗೆ ಸಂಕೋಚವಾಗಿತ್ತು. ಸಮೋಸಾದ ತಟ್ಟೆಯನ್ನು ಅವಳ ಕಡೆ ಚಾಚಿದ.

"ಮಾರ್ಚ್‌ನಲ್ಲಿ ಹೊಸದು ಶುರು ಮಾಡ್ತಿದ್ದೀನಿ. ನೀನು ಬರಬೇಕು."

"ತಪ್ಪು ಮಾಡಿದವಳು ನಾನು."

"ಅದೊಂದು ವಿಷಯ ಕೇಳಬೇಕಾಗಿತ್ತು." ಭಲ್ಲಾ ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ಆವತ್ತು ನಿನಗೆ ಕೇಳಿಸಲಿಲ್ಲವಾ, ಕೇಳಿಸಿಯೂ ಬಿಟ್ಟೆಯಾ?"

"ಕೇಳಿಸ್ತು."

ಯಾಕೆ ಎಂದು ಅವನು ಕೇಳುತ್ತಾನೆಂದು ಧನ್ಯಾ ಕಾದಳು. ಹಾಪುಡ್‌ನ ಹೆಂಗಸನ್ನು ಮುಚ್ಚಿಡಲು ಬೇರೆ ಏನು ಹೇಳುವುದೆಂದು ಅವಳಿಗಿನ್ನೂ ಹೊಳೆದಿರಲಿಲ್ಲ. ಭಲ್ಲಾ ಕೇಳಲಿಲ್ಲ. ಸಮೋಸಾ ಮುರಿದು, "ಅಚ್ಛಾ. ಮಾರ್ಚ್ ಹತ್ತಕ್ಕೆ ಬಾ," ಎಂದು ಜನರ ನಡುವೆ ಹೋದ. ಅವಳು ಹೋಗುವುದೆಂದು ನಿಶ್ಚಯಿಸಿಕೊಂಡಳು. ಹೋದ ಮೇಲೆ ಅಂಗಿಯ ಒಂದು ಗುಂಡಿಯನ್ನೂ ಬಿಡದೆ ನೋಡಬೇಕೆಂದೂ ಅಂದುಕೊಂಡಳು. ಕೆಲಸವೆಂದರೆ ಕೆಲಸ.

ವಾಪಸು ಬರುವಾಗ ಮೂವರೂ ಒಂದೇ ಆಟೋದಲ್ಲಿ ಒತ್ತಿ ಕುಳಿತರು. ಯಮುನೆಯ ಸೇತುವೆಯ ಮೇಲೆ ಗಾಳಿ ಚಳಿಯಾಗಿ ಬೀಸುತ್ತಿತ್ತು. ನಡುವೆ ಕುಳಿತಿದ್ದ ಕಾಂತಾರ ಮೊಣಕಾಲಿಗೆ ಮನೋರಮಾ ತಮ್ಮ ಶಾಲಿನ ಅರ್ಧವನ್ನು ಹೊದಿಸಿದರು. ಸ್ವಲ್ಪ ದೂರ ಹೋದ ಮೇಲೆ ತಮ್ಮ ಆರ್.ಕೆ. ಪುರಂ ಹಿಂದಿಯಲ್ಲಿ ಕೇಳಿದರು.

"ಬಹನ್‌ಜೀ, ಮುಂದೆ ಮುನ್ನಿ ಏನಾದಳು?"

ಕಾಂತಾ ಯೋಚಿಸಲೇ ಇಲ್ಲ. "ಬಿ.ಎಡ್. ಮಾಡಿದಳು," ಎಂದರು. "ಗಾಜಿಯಾಬಾದಿನ ಸರ್ಕಾರಿ ಶಾಲೆಯಲ್ಲಿ ಟೀಚರಾದಳು. ಗಂಡ ಬ್ಯಾಂಕಿನಲ್ಲಿ. ಮಗ ಈ ವರ್ಷ ಇಂಜಿನಿಯರಿಂಗ್ ಮುಗಿಸಿದ. ಮುನ್ನಿ ಹೋದ ವರ್ಷ ರಿಟೈರ್ ಆದಳು."

"ಪೆನ್ಷನ್ ಬರುತ್ತಲ್ಲ?"

"ಬರುತ್ತೆ, ಬರುತ್ತೆ."

ಮನೋರಮಾ ಸಮಾಧಾನದಿಂದ ಹಿಂದಕ್ಕೆ ಒರಗಿದರು. ಆ ವರ್ಷ ಮೂರನೆಯ ಕ್ಲಾಸಿನಲ್ಲಿದ್ದ ಹುಡುಗಿ ಹೋದ ವರ್ಷ ನಿವೃತ್ತಳಾಗಲು ಲೆಕ್ಕ ಕೂಡುವುದಿಲ್ಲವೆಂದು ಧನ್ಯಾಳಿಗೆ ಹೊಳೆಯಿತು. ಅವಳು ಸುಮ್ಮನಿದ್ದು, ಮುಂದಿನ ಸಿಗ್ನಲ್‌ನಲ್ಲಿ ಬಲಕ್ಕೆ ತಿರುಗುವಂತೆ ಆಟೋದವನಿಗೆ ಹೇಳಿದಳು.